ಒಂದು ಹನಿ ಸಾರು ಬೀಳದ ಬಟ್ಟೆ

ಸೇಡಂ ಪೇಟೆಯಲ್ಲಿ ಬೆಂಡೆಕಾಯಿ ಎಳೆಯದೋ ಬಲಿತದ್ದೋ ಎಂದು ಮುರಿದು ನೋಡದೆ, ಅದರ ಮೂಲೆಗಳನ್ನು ಎಣಿಸಿ ಕೊಳ್ಳುವ ಹೆಣ್ಣುಮಗಳು ಒಬ್ಬಳೇ. ಆಕೆ ಸುಜಾತಾ. ಬೆಂಡೆ ಅಡ್ಡ ಕೊಯ್ದರೆ ಹೂವಿನ ಅಚ್ಚು, ಆಲೂಗಡ್ಡೆ ಕೆತ್ತಿದರೆ ಎಲೆಯ ಅಚ್ಚು. ಬಣ್ಣದಲ್ಲಿ ಅದ್ದಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಒತ್ತಿ, ಸಣ್ಣ ಬ್ರಷ್ಷಿನಿಂದ ಬಳ್ಳಿ ಎಳೆದು, ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಹಾಕಿದರೆ ಟೇಬಲ್ ಬಟ್ಟೆ ಸಿದ್ಧ. ಒಂದು ಹೂ ಕೂದಲೆಳೆಯಷ್ಟು ಸರಿದರೂ ಆ ದಿನ ಆಕೆಗೆ ಅನ್ನ ಸೇರುತ್ತಿರಲಿಲ್ಲ. ಮನೆಯವರಿಗೂ ಸೇರದ ಹಾಗೆ ನೋಡಿಕೊಳ್ಳುತ್ತಿದ್ದಳು.

ಮದುವೆಯಿರಲಿ, ತೊಟ್ಟಿಲಿರಲಿ, ಆಕೆಯ ಕೈಯಿಂದ ಟೇಬಲ್ ಬಟ್ಟೆಯೇ ಆಯೇರಿಯ ಉಡುಗೊರೆ. ಊಟದ ಟೇಬಲ್ಲೇ ಇಲ್ಲದ ಮನೆಗಳಿಗೂ ಕೊಟ್ಟಳು. ಆರು ವರ್ಷದಲ್ಲಿ ಅರವತ್ತು ಬಟ್ಟೆ ಊರೂರು ಸೇರಿದವು. ಸ್ವಂತ ಮನೆಯ ಟೇಬಲ್ಲಿಗೆ ಮಾತ್ರ ಸಂತೆಯ ಪ್ಲಾಸ್ಟಿಕ್ ಹಾಳೆ ಹಾಸಿದ್ದಳು.

ಈ ವರ್ಷ ಆದಿತ್ಯನಗರದ ಮಹಿಳಾ ಮಂಡಳಿಯೊಂದು ಕೈಕೆಲಸದ ಸ್ಪರ್ಧೆ ಇಟ್ಟಿತು. ಗೆದ್ದವರೇ ಮುಂದೆ ಅಲ್ಲಿಯ ಹೆಂಗಸರಿಗೆ ಈ ಕೆಲಸ ಕಲಿಸುವ ಟೀಚರ್. ಬಿ.ಎಡ್. ಸೀಟು ಕೈತಪ್ಪಿದ ದಿನದಿಂದ ಟೀಚರ್ ಎಂಬ ಆ ಒಂದು ಮಾತು ಕೇಳಬೇಕೆಂದು ಸುಜಾತಾಳ ಕಿವಿಗಳು ಕಾದಿದ್ದವು. ಆದರೆ ಮಂಡಳಿ ಒಂದು ಷರತ್ತು ಹಾಕಿತ್ತು. ಬಟ್ಟೆ ವರ್ಷಗಟ್ಟಲೆ ದಿನಬಳಕೆಯಲ್ಲಿದ್ದಿರಬೇಕು, ತೊಳೆದ ಮೇಲೂ ಬಣ್ಣ ನಿಂತಿರಬೇಕು.

ತಾನು ಕೊಟ್ಟವುಗಳಲ್ಲಿ ಬಳಸಿದ ಬಟ್ಟೆಯೊಂದನ್ನು ಹುಡುಕಲು ಆಕೆ ಫೋನ್ ಹಿಡಿದು ಕೂತಳು. ಚಿತ್ತಾಪುರದ ನಾದಿನಿ ಹೆಮ್ಮೆಯಿಂದ ಹೇಳಿದಳು, "ಡಾಂಬರ ಗುಳಿಗಿ ಹಾಕಿ ಟ್ರಂಕಿನ್ಯಾಗ ಇಟ್ಟೀನಿ ವೈನಿ, ಒಂದಿನಾನೂ ಹೊರಗ ತಗದಿಲ್ಲ." ವಾಡಿಯ ಗೆಳತಿ ಅದನ್ನು ಮತ್ತೊಂದು ಮದುವೆಗೆ ಆಯೇರಿ ಮಾಡಿದ್ದಳು. ಚಿಂಚೋಳಿಯವರು ಕಾಗದದ ಪೊಟ್ಟಣವನ್ನೇ ಬಿಚ್ಚಿರಲಿಲ್ಲ. ಎಲ್ಲರೂ ಜೋಪಾನ ಮಾಡಿದ್ದರು. ಸುಜಾತಾಳಿಗೆ ಅಳು ಬಂತು.

ಕಡೆಗೆ ವರ್ಷಗಳ ಬಳಕೆಯನ್ನು ಎಂಟು ದಿನದಲ್ಲಿ ಮುಗಿಸುವುದೆಂದು ನಿಶ್ಚಯಿಸಿ, ಪ್ಲಾಸ್ಟಿಕ್ ಕಿತ್ತು, ಒಂದು ಬಟ್ಟೆಯನ್ನು ತನ್ನ ಟೇಬಲ್ಲಿಗೆ ಹಾಸಿದಳು. ಗಂಡ ದಿಲೀಪ ಊಟಕ್ಕೆ ಕೂತವನೇ ತಟ್ಟೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಟೇಬಲ್ ಮ್ಯಾಲ ಇಟ್ಟು ಉಣ್ರಿ."

"ಇಷ್ಟು ಛಲೋ ಬಟ್ಟಿ ಮ್ಯಾಲ ಹ್ಯಾಂಗ ಉಣ್ಣೋದು? ನಾಳಿ ಕಲಿ ಬಿದ್ರ ನೀನೇ ಬೈತಿ."

ಅತ್ತೆ ಯಂಕಮ್ಮ ಮೊದಲ ದಿನವೇ ಊಟಕ್ಕೆ ನೆಲಕ್ಕಿಳಿದಿದ್ದಳು. ಮೂರನೆಯ ದಿನ ದಿಲೀಪನೂ ಇಳಿದ. ಎಂಟನೆಯ ದಿನ ಸುಜಾತಾ ತಾನೇ ಒಂದು ಸೌಟು ಸಾರು ತಂದು ಬಟ್ಟೆಯ ಮೇಲೆ ಹಿಡಿದಳು. ಕೈ ವಾಲಲೇ ಇಲ್ಲ. ಸಾರನ್ನು ಮತ್ತೆ ಪಾತ್ರೆಗೆ ಸುರಿದಳು.

ಸ್ಪರ್ಧೆಯ ಆಸೆ ಬಿಟ್ಟು, ಮರುದಿನ ಮಧ್ಯಾಹ್ನ ಹೊಸ ಬಟ್ಟೆಯೊಂದರ ಅಂಚು ಹೊಲಿಸಲು ಲತೀಫಾಳ ಮನೆಗೆ ಹೋದಳು. ಆರು ವರ್ಷದಿಂದ ಅಂಚು ಹೊಲಿಯುವವಳು ಆಕೆಯೇ. ಲತೀಫಾ, ಗಂಡ, ಮಕ್ಕಳು ಊಟಕ್ಕೆ ಕೂತಿದ್ದರು. ನೆಲದ ಮೇಲೆ ಹಾಸಿದ ಬಟ್ಟೆಯನ್ನು ನೋಡಿ ಸುಜಾತಾ ನಿಂತಲ್ಲೇ ನಿಂತಳು. ಎರಡು ವರ್ಷದ ಹಿಂದೆ ತಾನೇ ಬೆಂಡೆಯ ಲೋಳೆ ಒರೆಸದೆ ಒತ್ತಿದ್ದರಿಂದ ಅದರ ಹೂಗಳೆಲ್ಲ ಜಾರಿ ಸೊಟ್ಟಗಾಗಿದ್ದವು. "ಮಷೀನ್ ಒರಸ್ಲಿಕ್ಕ ಇಟ್ಕೋ" ಎಂದು ಸಿಟ್ಟಿನಿಂದ ಎಸೆದುಹೋದ ಬಟ್ಟೆ ಅದು. ಅದರ ತುಂಬ ಅರಿಶಿನದ ಕಲೆ, ಬಣ್ಣ ಮಾತ್ರ ಗಟ್ಟಿಯಾಗಿ ಕೂತಿತ್ತು.

"ಬರ್ರಿ ಅಕ್ಕಾ, ಕುಂದ್ರಿ. ಒಂದು ತುತ್ತು ಉಣ್ರಿ," ಎಂದಳು ಲತೀಫಾ.

ಊಟಕ್ಕೆ ಕೂತ ಸುಜಾತಾಳ ರೊಟ್ಟಿಯಿಂದ ಗಾಬರಿಯಲ್ಲಿ ಬೇಳೆ ಬಟ್ಟೆಯ ಮೇಲೆ ತೊಟ್ಟಿಕ್ಕಿತು. ಆಕೆ ಸೆರಗಿನಿಂದ ಒರೆಸಹೋದಳು.

"ಇರ್ಲಿ ಬಿಡ್ರಿ. ಚೆಲ್ಲಿದ್ರ ಚೆಲ್ಲಲಿ ಅಂತಾನೇ ಹಾಸೀವಿ."

ಊಟ ಮುಗಿದ ಮೇಲೆ ಸುಜಾತಾ ಸ್ಪರ್ಧೆಯ ವಿಷಯವನ್ನೆಲ್ಲ ಹೇಳಿ, ಚೀಲದಲ್ಲಿದ್ದ ಹೊಸ ಬಟ್ಟೆ ಮುಂದಿಟ್ಟಳು. "ಇದು ನೀ ಇಟ್ಕೊ, ಅದು ನನಗ ಕೊಡು."

ಲತೀಫಾ ಹೊಸದರ ನೇರ ಸಾಲುಗಳನ್ನು ಬೆರಳು ತಾಗಿಸದೆ ನೋಡಿದಳು. "ಹಳೇದು ಒಯ್ರಿ, ಆದ್ರ ಮುಗದ ಮ್ಯಾಲ ಅದನ್ನೇ ವಾಪಸ್ ಕೊಡ್ರಿ. ಹೊಸಾದು ಬ್ಯಾಡರಿ ಅಕ್ಕಾ. ಇದನ್ನ ಸಂದೂಕದಾಗ ಇಡಬೇಕಾಗ್ತದ. ಆಮ್ಯಾಲ ನಾವು ಉಣ್ಣೋದು ಯಾವುದರ ಮ್ಯಾಲ?"

ಆದಿತ್ಯನಗರದಲ್ಲಿ ಮೊದಲ ಬಹುಮಾನ ಆ ಹಳೆಯ ಬಟ್ಟೆಗೇ ಬಂತು. ಗಾಳಿಗೆ ವಾಲಿದ ಹೂಗಳ ಕಲ್ಪನೆ ಬಹಳ ಸೊಗಸಾಗಿದೆ ಎಂದು ತೀರ್ಪುಗಾರರು ಮೈಕಿನಲ್ಲಿ ಹೊಗಳಿದರು. ಸುಜಾತಾ ವಿನಯದಿಂದ ತಲೆ ಬಗ್ಗಿಸಿದಳು, ಬೆಂಡೆಯ ಲೋಳೆಯ ಮಾತು ಎತ್ತಲಿಲ್ಲ. ಅರ್ಜಿಯಲ್ಲಿ ಬಳಸಿದವರು ಯಾರು ಎಂಬ ಕಡೆ "ಮನೆಮಂದಿ" ಎಂದಷ್ಟೇ ಬರೆದಿದ್ದಳು. ಯಾರ ಮನೆ ಎಂದು ಯಾರೂ ಕೇಳಲಿಲ್ಲ.

ಬಟ್ಟೆಯನ್ನು ಲತೀಫಾಳಿಗೆ ಮುಟ್ಟಿಸಿ, ಟೀಚರ್ ಆದ ಸುಜಾತಾ ಮನೆಗೆ ಬಂದಳು. ಬಹುಮಾನ ಬಂಗಾರದ ಅಂಚಿನ ಪಿಂಗಾಣಿ ತಟ್ಟೆಗಳು. ದಿಲೀಪ ಖುಷಿಯಿಂದ ಡಬ್ಬಿ ಬಿಚ್ಚಲು ಹೋದ.

"ಇವತ್ತು ಇದರಾಗೇ ಉಣ್ಣೂನು."

"ಮುಟ್ಟಬ್ಯಾಡ್ರಿ," ಎಂದಳು ಸುಜಾತಾ. "ಯಾರಾರ ದೊಡ್ಡ ಮಂದಿ ಬಂದಾಗ ತಗೀಯೂನು."

ಡಬ್ಬಿಯನ್ನು ಅಲಮಾರಿಯಲ್ಲಿಟ್ಟು, ಧೂಳು ಬೀಳದಿರಲೆಂದು ತನ್ನ ಅತ್ಯಂತ ನೇರ ಸಾಲಿನ ಬಟ್ಟೆಯನ್ನು ಅದರ ಮೇಲೆ ಹೊದಿಸಿ, ಕೀಲಿ ಹಾಕಿದಳು.