ಹೊಗೆಯಾಡಿದ ಸಂಪಿಗೆ

ಜಗುಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಚ್ಚಲ ಹಿಂದಿನಿಂದ ಒಂದು ವಾಸನೆ ಬರುತ್ತಿದೆ, ನಿಂಬೆ ಸಿಪ್ಪೆಗೆ ಜೇನು ಸವರಿದಂಥದ್ದು. ನಿಮಗಾದರೆ ಹಿತವೆನಿಸೀತು. ನನಗೆ ಪೊಲೀಸ್ ಠಾಣೆಯಿಂದ ಕರೆ ಬಂದಂತಿದೆ.

ನನ್ನ ಹೆಂಡತಿ ಗಿರಿಜೆಯ ತಮ್ಮ ಊಟಿಗೆ ಹೋದವನು ಎಲ್ಲರಂತೆ ಚಾಕಲೇಟು, ನೀಲಗಿರಿ ಎಣ್ಣೆ ತರಬಹುದಿತ್ತು. ತಂದದ್ದು ಸಸಿ. "ಸಂಪಿಗೆ ಜಾತೀದೇ ಅಕ್ಕ, ಬಿಳೀ ಹೂವು, ಅಂಗೈ ಅಗಲ" ಎಂದ. ಆಮೇಲೆ ಚನ್ನಗಿರಿಯ ಬಿಸಿಲಿಗೆ ಅದನ್ನು ಒಗ್ಗಿಸಲು ಇವಳು ಪಟ್ಟ ಪಾಡು! ಬಚ್ಚಲ ಹಿಂದೆ ಮಧ್ಯಾಹ್ನದ ನೆರಳು ಬೀಳುವ ಜಾಗ, ಸೂಳೆಕೆರೆಯ ಹೂಳು, ಬುಡಕ್ಕೆ ತರಗೆಲೆಯ ಹಾಸು, ದಿನಾ ಅಕ್ಕಿ ತೊಳೆದ ನೀರು. ನನಗೆ ಟೈಫಾಯ್ಡ್ ಬಂದಾಗಲೂ ಇಷ್ಟು ಉಪಚಾರ ಆಗಿರಲಿಲ್ಲ.

"ಸ್ವೆಟರ್ ಒಂದು ಬಾಕಿ. ಹೆಣೆದುಬಿಡು" ಎನ್ನುತ್ತಿದ್ದೆ.

"ಹೆಣೀತೀನಿ ಬಿಡ್ರಿ. ಅದಾದ್ರೂ ಬಾಯಿ ಮುಚ್ಕೊಂಡು ಹಾಕ್ಕೊಂತೈತೆ."

ಮೂರನೇ ವರ್ಷದ ಚಳಿಗೆ ಗಿಡ ಒಂದೂ ಎಲೆ ಉಳಿಸಿಕೊಳ್ಳದೆ ಬೋಳಾಯಿತು. ನಮ್ಮ ಕಡೆಯ ಸಂಪಿಗೆ ಹೀಗೆ ಪೂರಾ ಬೋಳಾಗುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನವನ್ನು ಹೇಗೋ ದಾಟಿದ್ದ ನಾನು ಕೂಡಲೇ ಚಹಾದಂಗಡಿಗೆ ಹೋಗಿ ಅದರ ಮರಣವಾರ್ತೆ ಪ್ರಕಟಿಸಿದೆ. ಗಿರಿಜೆಯ ಅಕ್ಕಿ ನೀರಿನ ಉಪಚಾರ ಕೇಳಿ ಎಲ್ಲರೂ ಬಿದ್ದು ಬಿದ್ದು ನಕ್ಕರು. "ತಿಥಿ ಯಾವತ್ತು?" ಎಂದೂ ಕೇಳಿದರು.

ಅದೇ ವಾರ ಗಿರಿಜೆ ತಂಗಿಯ ಮಗಳ ಬಾಣಂತನಕ್ಕೆಂದು ನ್ಯಾಮತಿಗೆ ಹೊರಟಳು. ಬಾಗಿಲಲ್ಲಿ ನಿಂತು, "ಗಿಡ ಮಲಗೈತೆ, ಸತ್ತಿಲ್ಲ. ಅನುಮಾನ ಇದ್ರೆ ಉಗುರಲ್ಲಿ ಗೀರಿ ನೋಡ್ರಿ. ಕಡಿಯಾಕೆ ಮಾತ್ರ ಹೋಗಬ್ಯಾಡ್ರಿ" ಎಂದಳು.

ಗೀರಿದೆ. ತೊಗಟೆಯಡಿ ಹಸಿರಿತ್ತು, ಎಳೆ ಸೌತೆಯ ಹಸಿರು.

ಇವತ್ತು ಬೆಳಗಿನವರೆಗೆ ಯಾರಿಗೂ ಹೇಳಿರದಿದ್ದನ್ನು ನಿಮಗೆ ಹೇಳುತ್ತಿದ್ದೇನೆ. ಹಸಿರು ನೋಡಿಯೂ ಕಡಿದೆ. ಹೆಂಡತಿ ಹೇಳಿದ್ದೇ ಸರಿ ಎಂದು ಚಹಾದಂಗಡಿಯಲ್ಲಿ ಒಪ್ಪಿಕೊಳ್ಳುವುದಕ್ಕಿಂತ ಮಚ್ಚು ಎತ್ತುವುದು ನನಗೆ ಸುಲಭವಾಗಿ ಕಂಡಿತು. ಸಾಕ್ಷಿ ಉಳಿಯಬಾರದೆಂದು ಬಚ್ಚಲ ಒಲೆಗೆ ತುರುಕಿ, ಹಂಡೆ ನೀರು ಕಾಯಿಸಿ, ಸುಖವಾಗಿ ಸ್ನಾನವನ್ನೂ ಮಾಡಿದೆ.

ಅವಳು ಬಂದಾಗ, "ಪೂರಾ ಒಣಗಿತ್ತು ಕಣೆ, ಮುಟ್ಟಿದ್ರೆ ಪುಡಿ" ಎಂದೆ. ಅವಳು ಬಚ್ಚಲೊಳಗೆ ಹೋಗಿ ಬಂದಳು. "ಹೌದೇನ್ರಿ" ಎಂದಳು, ಅಷ್ಟೇ. ಗೆದ್ದೆನೆಂದುಕೊಂಡೆ. ಆದರೂ ಬಚ್ಚಲ ಹಿಂದಕ್ಕೆ ಕಾಲಿಡುವ ಧೈರ್ಯ ಮಾತ್ರ ಮತ್ತೆ ಬರಲಿಲ್ಲ.

ಏಳು ವರ್ಷವಾಯಿತು. ಇವತ್ತು ಬೆಳಿಗ್ಗೆ ಈ ವಾಸನೆ ಮೂಗು ಹಿಡಿದು ಎಳೆಯಿತು. ಹೋಗಿ ನೋಡಿದರೆ, ನಾನು ಬಿಟ್ಟ ಮೋಟಿನಿಂದ ಚಿಗುರಿದ ಗಿಡ ನನ್ನೆತ್ತರ ನಿಂತಿದೆ. ಒಂದೂ ಎಲೆಯಿಲ್ಲ. ಬೋಳು ಕೊಂಬೆಯಲ್ಲಿ ಮೂರು ಬಿಳಿ ಹೂವು. ಬುಡದಲ್ಲಿ ಗಿರಿಜೆ ಅಕ್ಕಿ ತೊಳೆದ ನೀರು ಸುರಿಯುತ್ತಿದ್ದಳು.

"ಗೀರಿದ್ದೆ ಕಣೆ. ಹಸಿರಿತ್ತು. ನೋಡಿಯೇ ಕಡಿದೆ."

"ಬಂದ ದಿನಾನೇ ಗೊತ್ತಾತು. ಬಚ್ಚಲ ಗೋಡೆ ತುಂಬ ಮಸಿ. ಒಣ ಕಟ್ಟಿಗೆ ಹಂಗೆ ಹೊಗೆ ಆಡ್ತೈತೇನ್ರಿ?"

"ಮತ್ತೆ ಯಾಕೆ ಕೇಳಲಿಲ್ಲ?"

"ನೀವಾಗೇ ಹೇಳ್ತೀರೇನೋ ಅಂತ ಕಾದೆ." ಚೊಂಬು ಕೆಳಗಿಟ್ಟಳು. "ನಿಮಗಿಂತ ಗಿಡಾನೇ ಬೇಗ ಬಾಯಿ ಬಿಡ್ತು."

ಮೂರರಲ್ಲಿ ಒಂದನ್ನು ಕಿತ್ತು ನನ್ನ ಕೈಗಿಟ್ಟಳು. "ಅಂಗಡಿ ಕಡೆ ಹೋಗ್ತೀರಲ್ಲ, ತಗೊಂಡು ಹೋಗ್ರಿ."

ಹೂವು ಈಗ ಈ ಕಾಗದದ ಪಕ್ಕದಲ್ಲಿದೆ. ಅವತ್ತು ನಕ್ಕವರಲ್ಲಿ ಇಬ್ಬರು ಇನ್ನೂ ಅದೇ ಬೆಂಚಿನ ಮೇಲೆ ಕೂರುತ್ತಾರೆ. ಚಪ್ಪಲಿ ಮೆಟ್ಟಿದ್ದೇನೆ. ಅವರನ್ನು ಇನ್ನೊಂದು ಸಲ ನಗಿಸಬೇಕಿದೆ. ಈ ಸಲ ಗಿರಿಜೆಯನ್ನು ಆಡಿಕೊಂಡು ಅಲ್ಲ.