ಗಂಜಿಯ ಹೊತ್ತಿಗೆ ಮುಚ್ಚಿದ ಬುಟ್ಟಿ

ಕಾಪು ಪೇಟೆಯಲ್ಲಿ ಮೀನು ಮಾರುವ ಅಕ್ಕ ನನ್ನ ಕಣ್ಣೆದುರೇ ಬಂಗುಡೆಯ ಬುಟ್ಟಿಯ ಮೇಲೆ ಗೋಣಿ ಎಳೆದು, ಗಂಜಿಯ ಬುತ್ತಿ ಬಿಚ್ಚಿದರು. ಸಾಲಿನಲ್ಲಿದ್ದ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬುಟ್ಟಿ ಮುಚ್ಚಿದರು. ಆಗ ಮಧ್ಯಾಹ್ನ ಒಂದು ಗಂಟೆ. ಊಟ ಬಿಟ್ಟು ಆಫೀಸಿನಿಂದ ಓಡಿ ಬಂದಿದ್ದ ನನಗೆ ಸಿಟ್ಟು ಬಂತು. ಮ್ಯಾನೇಜರರ ಕರೆಯಿಂದ ಕೈಯಲ್ಲಿದ್ದ ನನ್ನ ಫೋನು ಬೇರೆ ಬಡಿದುಕೊಳ್ಳುತ್ತಿತ್ತು.

"ಅಕ್ಕ, ಒಂದು ಕಿಲೋ ಕೊಟ್ಟು ಆಮೇಲೆ ಊಟ ಮಾಡಿ. ನನಗೆ ಅರ್ಜೆಂಟ್ ಉಂಟು" ಎಂದೆ.

ಅವರು ಒಣಮೀನಿನ ಚಟ್ನಿಯನ್ನು ಬೆರಳಿನಿಂದ ನೆಕ್ಕಿ, ತಲೆ ಎತ್ತದೆ ಹೇಳಿದರು: "ಮೀನು ಐಸಿನಲ್ಲಿ ಉಂಟು, ಹಾಳಾಗುದಿಲ್ಲ. ನನ್ನನ್ನು ಯಾರಾದ್ರೂ ಐಸಿನಲ್ಲಿ ಇಟ್ಟಿದ್ದಾರಾ ಮಾರಾಯ್ರೆ? ನೀವೂ ಕೂತ್ಕೊಳ್ಳಿ."

ಖಾಲಿ ಪೆಟ್ಟಿಗೆಯೊಂದನ್ನು ಕಾಲಿನಿಂದಲೇ ನನ್ನತ್ತ ತಳ್ಳಿದರು. ಕುಳಿತೆ. ಫೋನು ಇನ್ನೆರಡು ಸಲ ಬಡಿದುಕೊಂಡು ಸುಮ್ಮನಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಬ್ಯಾಗಿನಲ್ಲಿದ್ದ ಬಿ.ಪಿ. ಮಾತ್ರೆ ನೆನಪಾಯಿತು. ಊಟವಾದ ಮೇಲೆ ತೆಗೆದುಕೊಳ್ಳಿ ಎಂದಿದ್ದರು ಡಾಕ್ಟರು. ನಾನು ಒಂದು ದಿನವೂ ಮಾತ್ರೆ ತಪ್ಪಿಸಿದವಳಲ್ಲ, ತಪ್ಪಿಸುತ್ತಿದ್ದುದು ಊಟವನ್ನು.

ಈಗ ದಿನಾ ಒಂದು ಗಂಟೆಗೆ ಆಫೀಸಿನಲ್ಲಿ ನನ್ನ ಫೋನು ಡ್ರಾಯರಿನೊಳಗೆ ಹೋಗುತ್ತದೆ, ಬುತ್ತಿ ಮೇಜಿನ ಮೇಲೆ ಬರುತ್ತದೆ. ಮೊನ್ನೆ ಮ್ಯಾನೇಜರು, "ಎಂತ, ಫೋನ್ ಎತ್ತುದಿಲ್ವಾ?" ಎಂದು ಗದರಿದರು. "ಊಟ ಮಾಡ್ತಾ ಇದ್ದೆ ಸರ್" ಎಂದೆ. ಅಭ್ಯಾಸಬಲದಿಂದ 'ಸಾರಿ' ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಬರಲು ಬಿಡಲಿಲ್ಲ.