ಎಣ್ಣೆ ಹಚ್ಚದೆ ಬಿಟ್ಟ ಹಿಮ್ಮಡಿ

ಬಸುರಿನ ಮೂರನೇ ತಿಂಗಳಲ್ಲಿ ತಾಲೂಕು ಆಸ್ಪತ್ರೆಯಲ್ಲಿ ಎಲ್ಲರಿಗೂ ಮಾಡುವ ರಕ್ತಪರೀಕ್ಷೆ ನನಗೂ ಆಯಿತು. ಆಮೇಲೆ ಕೌನ್ಸೆಲರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

ಎಚ್‌ಐವಿ ಪಾಸಿಟಿವ್.

ಗಂಡನಿಗೂ ಇತ್ತು. ಪಾಣೆಮಂಗಳೂರಿನ ನಮ್ಮ ಪುಟ್ಟ ಮನೆಯಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಒಂದು ಮಾತ್ರೆ ನುಂಗುವಂತಿಲ್ಲ. ಹೇಳಿಬಿಟ್ಟೆವು. ಅತ್ತೆ ಎದ್ದು ತಟ್ಟೆ ಹಾಕಿದರು. ಆಮೇಲೆ, "ಅಳುವುದು ಮತ್ತೆ. ಮೊದಲು ಊಟ ಮಾಡುವ, ಬಾ" ಎಂದರು. ಅವರ ಮೇಲೆ ನನಗೆ ನಿಜವಾಗಿ ಪ್ರೀತಿ ಹುಟ್ಟಿದ್ದು ಆವತ್ತು.

ನಾನು ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಮಗಳು ಹುಟ್ಟಿದಳು. ಸೋಂಕು ತಗಲದಂತೆ ಅವಳಿಗೆ ದಿನಾ ಸಿರಪ್. ಬಜೆ, ಜೇನು ಏನೂ ನೆಕ್ಕಿಸಬಾರದು, ಎದೆಹಾಲು ಮಾತ್ರ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಕ್ಕೆ ಅತ್ತೆ ಗೊಣಗುತ್ತಲೇ ಒಪ್ಪಿದರು. ಎಣ್ಣೆಸ್ನಾನವನ್ನು ಮಾತ್ರ ಬಿಡಲಿಲ್ಲ. ಅದನ್ನು ಯಾರೂ ಬೇಡ ಎಂದಿರಲಿಲ್ಲ.

ಆರನೇ ವಾರ ಮಗುವಿನ ಟೆಸ್ಟ್. ಹಿಮ್ಮಡಿಗೆ ಚುಚ್ಚುತ್ತಾರೆಂದು ತಿಳಿದ ಅತ್ತೆ ಬೆಳಿಗ್ಗೆ ಎರಡೂ ಪಾದಗಳಿಗೆ ತೆಂಗಿನೆಣ್ಣೆ ಹಚ್ಚಿ ಹಚ್ಚಿ ತಿಕ್ಕಿದರು. "ಮೆತ್ತಗಾದರೆ ಪಾಪುವಿಗೆ ಅಷ್ಟು ನೋವಾಗುವುದಿಲ್ಲ ಮಾರಾಯ್ತಿ." ಆಸ್ಪತ್ರೆಯಲ್ಲಿ ಸಿಸ್ಟರ್ ಎಷ್ಟು ಒರೆಸಿದರೂ ರಕ್ತ ಹನಿಯಾಗಿ ನಿಲ್ಲದೆ ಹರಡಿತು. ಹೇಗೋ ರಕ್ತ ಇಂಗಿಸುವ ಕಾಗದದ ಕಾರ್ಡಿಗೆ ಹಿಡಿದು ಲ್ಯಾಬಿಗೆ ಕಳುಹಿಸಿದರು. ನಾವು ದಿನ ಎಣಿಸುತ್ತಾ ಕಾದೆವು.

ರಿಪೋರ್ಟ್ ಬರಲಿಲ್ಲ.

ಕಾರ್ಡ್ ಸರಿಯಿಲ್ಲ, ಮತ್ತೆ ರಕ್ತ ಕೊಡಬೇಕು ಎಂದು ಫೋನ್ ಬಂತು. ನನಗೆ ಸಿಟ್ಟು ನೆತ್ತಿಗೇರಿತು. "ಎಲ್ಲ ನಿಮ್ಮ ಎಣ್ಣೆಯಿಂದ" ಎಂದುಬಿಟ್ಟೆ. ಒಂದಕ್ಕೆ ಎರಡು ಉತ್ತರ ಕೊಡುವ ಅತ್ತೆ ಎಣ್ಣೆಯ ಬಟ್ಟಲನ್ನು ಎತ್ತಿ ಒಳಗಿಟ್ಟುಬಿಟ್ಟರು.

ಎರಡನೇ ಸಲ ಅವರೇ ಬಿಸಿನೀರಿನಲ್ಲಿ ಮಗುವಿನ ಪಾದ ತೊಳೆದು, ಒರೆಸಿ, ಸಾಕ್ಸ್ ಹಾಕಿದರು. ಆಸ್ಪತ್ರೆಯವರೆಗೂ ಆ ಕಾಲನ್ನು ಅಂಗೈಯಲ್ಲಿ ಹಿಡಿದುಕೊಂಡೇ ಬಂದರು. ಚುಚ್ಚಿದಾಗ ಮಗು ಅತ್ತಿತು, ಅವರೂ ಅತ್ತರು.

ಕೆಲವು ವಾರಗಳ ಮೇಲೆ ಕೌನ್ಸೆಲರ್ ಮತ್ತೆ ಬಾಗಿಲು ಹಾಕಿದರು.

"ನೆಗೆಟಿವ್ ಉಂಟು. ಆದರೆ ಆರು ತಿಂಗಳಿಗೆ ಪುನಃ ನೋಡ್ತೇವೆ. ಒಂದೂವರೆ ವರ್ಷದ ತನಕ ಬರ್ತಾ ಇರಬೇಕು, ಆಯ್ತಾ?"

ಇನ್ನೂ ಪರೀಕ್ಷೆಗಳಿವೆ, ಭಯ ಪೂರ್ತಿ ಹೋಗಿಲ್ಲ. ಆದರೂ ಆ ದಿನ ನಾನು ಹೊಟ್ಟೆ ತುಂಬಾ ಉಂಡೆ.

ಮರುದಿನ ಅತ್ತೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿದರು. ತಲೆ, ಬೆನ್ನು, ಕೈ, ಕಾಲು. ಹಿಮ್ಮಡಿ ಬಂದಾಗ ಕೈ ನಿಲ್ಲಿಸಿದರು.

"ಮುಂದಿನ ಟೆಸ್ಟಿಗೆ ಇನ್ನೂ ಸಮಯ ಉಂಟಲ್ಲ ಅತ್ತೆ?"

"ಇರಲಿ. ನನ್ನಿಂದ ಇನ್ನೊಮ್ಮೆ ತಡ ಆಗುವುದು ಬೇಡ."

ನಾನು ಎಣ್ಣೆಯ ಬಟ್ಟಲಿಗೆ ಕೈ ಅದ್ದಿದೆ. ಎರಡೂ ಹಿಮ್ಮಡಿಗೆ ನಾನೇ ಹಚ್ಚಿದೆ.

"ಟೆಸ್ಟಿನ ದಿನ ಮಾತ್ರ ಬೇಡ" ಎಂದೆ.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಿಕ್ಕತೊಡಗಿದರು.